ಗಾಜಿನ ಮೇಲೊಂದು ಹನಿ

ಆಳಸಮುದ್ರದಲ್ಲಿ ಮುಳುಗಿ ಕೆಲಸ ಮಾಡುವವರಿಗೆಂದು ದುಬಾರಿ ಕೈಗಡಿಯಾರ ತಯಾರಿಸುವ ಆ ಕಾರ್ಖಾನೆಯಲ್ಲಿ ಹೊಸ ಮ್ಯಾನೇಜರ್ ಬೆಚ್ಚಿಬೀಳದ ದಿನವೇ ಇಲ್ಲ. ಕಾರಣ, ಪರೀಕ್ಷಕ ಪಾತಾಳರಾಯರು. ಬಕೆಟ್ಟು ತುಂಬಿದ್ದರೆ ಎರಡು ಹೆಜ್ಜೆ ದೂರ ನಿಂತು ಸ್ನಾನ ಮಾಡುವ ಈ ಪ್ರಾಣಿಗೆ ಆ ಅಡ್ಡಹೆಸರು ಅಂಟಿ ಇಪ್ಪತ್ತು ವರ್ಷವಾಯಿತು. ಆಳಸಮುದ್ರದಷ್ಟೇ ಒತ್ತಡವಿರುವ ನೀರಿನ ತೊಟ್ಟಿಯಿಂದ ತೆಗೆದ ಗಡಿಯಾರವನ್ನು ಬಿಸಿ ಮಾಡಿ, ಗಾಜಿನ ಮೇಲೆ ತಣ್ಣೀರಿನ ಒಂದು ಹನಿ ಬಿಟ್ಟು, ಉಸಿರು ಬಿಗಿಹಿಡಿದು ಒಂದು ನಿಮಿಷ ದಿಟ್ಟಿಸುತ್ತಾರೆ. ಒಳಗೆ ಮಂಜು ಮೂಡಿದರೆ ನೀರು ನುಸುಳಿದೆ ಎಂದರ್ಥ. ಸಾಸಿವೆಕಾಳಿನಷ್ಟು ಕಂಡರೂ ಸಾಕು, ಕಾರಿನ ಬೆಲೆಯ ಗಡಿಯಾರವನ್ನು ಕೊಳೆತ ಬದನೆಕಾಯಿಯ ಹಾಗೆ ಪಕ್ಕಕ್ಕೆ ತಳ್ಳುತ್ತಾರೆ. ಮೂಡದಿದ್ದರೆ ಅನುಮಾನ ಇನ್ನೂ ಹೆಚ್ಚಿ, ಮತ್ತೆ ಬಿಸಿ, ಮತ್ತೆ ಹನಿ. ನಿನ್ನೆ ಹೊಸ ಮಾದರಿಯ ನಲವತ್ತರಲ್ಲಿ ಹನ್ನೊಂದನ್ನು ತಳ್ಳಿದಾಗ ಮ್ಯಾನೇಜರ್ ಓಡೋಡಿ ಬಂದರು. “ರಾಯರೇ, ಇದನ್ನ ಕೊಳ್ಳೋರು ಮುಖ ತೊಳೆಯೋವಾಗಲೂ ಬಿಚ್ಚಿಡ್ತಾರೆ! ಮುನ್ನೂರು ಮೀಟರ್ ಆಳಕ್ಕೆ ಯಾರ್ರೀ ಇಳೀತಾರೆ?” “ನನ್ನ ಮಗಳು ಇಳೀತಾಳೆ ಸಾರ್,” ಎಂದರು ರಾಯರು, ಹನಿಯಿಂದ ಕಣ್ಣು ಕೀಳದೆ. “ಸಮುದ್ರದ ತಳದಲ್ಲಿ ಪೈಪು ಬೆಸೆಯೋ ಕೆಲಸ. ಅವಳ ಕಂಪನಿಗೆ ಇಲ್ಲಿಂದಲೇ ಗಡಿಯಾರ ಹೋಗೋದು. ಇದರಲ್ಲಿ ಯಾವುದು ಅವಳ ಕೈಗೆ ಬರುತ್ತೋ, ನಂಗೆ ಗೊತ್ತಿಲ್ವಲ್ಲ.” ಮ್ಯಾನೇಜರ್ ದಂಗಾಗಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು, ಆ ಒಂದು ನಿಮಿಷ ಅವರೂ ಉಸಿರಾಡಲಿಲ್ಲ.