ಎಡಗಡೆಯ ನಾಲ್ಕು ಬಾಣಗಳು

ನನ್ನ ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಬೇಕು. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳು, ಮಾತುಗಳೂ ಸಾಲುವುದಿಲ್ಲ. ಗೆರೆ ಮಾತ್ರ ನೇರವಾಗಿ ಎಳೆಯುತ್ತೇನೆ. ಅದರಿಂದಲೇ ಮುಕುಂದ ಸರ್ ಪರಿಚಯವಾದರು.

ಸರ್ ನಮ್ಮ ಕಮಲಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಹನ್ನೊಂದು ವರ್ಷವಾದರೂ ನೌಕರಿ ಕಾಯಂ ಆಗಿರಲಿಲ್ಲ. ಪಿಎಚ್‌ಡಿ ಮುಗಿದರೆ ಆಗುತ್ತದೆ ಎನ್ನುತ್ತಿದ್ದರು. ದಿನಾ ಕಲಬುರಗಿಯಿಂದ ಬಸ್ಸಿನಲ್ಲಿ ಬರುವಾಗ ತೊಡೆಯ ಮೇಲೆ ಅಂಕಿಗಳ ಹಾಳೆ ಹರಡಿರುತ್ತಿತ್ತು. ಕಂಡಕ್ಟರು ಟಿಕೆಟ್ ಕೇಳಿದಾಗ ಆ ಹಾಳೆಯನ್ನೇ ಕೊಟ್ಟದ್ದೂ ಉಂಟು.

೨೦೦೬ರಲ್ಲಿ, ಅದೇ ಕಾಲೇಜಿನ ಜವಾನರಾದ ನನ್ನ ಮಾವ ಹಣಮಂತರಾಯ ನನ್ನನ್ನು ಅವರ ಬಳಿ ಕರೆದೊಯ್ದರು.

"ಸರ್, ಈಕಿ ರಂಗೋಲಿ ಹಾಕಿದ್ರ ಒಂದ್ ಚುಕ್ಕಿ ತಪ್ಪಂಗಿಲ್ರೀ. ಮಾತು ಮಾತ್ರ ಕೇಳಬ್ಯಾಡ್ರಿ, ಬಾಯಿಗೆ ಬೀಗ ಹಾಕ್ಕೊಂಡೇ ಹುಟ್ಯಾಳ."

"ಬಾಯಿ ಯಾಕೋ ಹಣಮಂತಾ? ನನ್ನ ಕ್ಲಾಸಿನ್ಯಾಗ ಬೇಕಾದಷ್ಟು ಬಾಯಿ ಅವ," ಎಂದರು ಸರ್.

ಕೆಲಸ ಇದು. ಕೆಲವು ವಸ್ತುಗಳ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಮನೆಗಳಿರುತ್ತವೆ. ಒಂದೊಂದರ ವಿದ್ಯುತ್ತು ಒಂದೊಂದು ದಿಕ್ಕಿಗೆ ವಾಲಿರುತ್ತದೆ, ಅದನ್ನು ಬಾಣದಿಂದ ತೋರಿಸುತ್ತಾರೆ. ಅಂಥ ಪದರವನ್ನು ಬೇರೆ ವಸ್ತುವಿನ ಎರಡು ಪದರಗಳ ನಡುವೆ ಇಟ್ಟರೆ ಬಾಣಗಳು ಅಂಚು ದಾಟಲಾರದೆ ಹೊರಳಿ ಸುಳಿಯಾಗುತ್ತವೆ. "ಗಳೇ ಹೊಡಿಯೋ ಎತ್ತು ಬದುವಿಗೆ ಬಂದು ಹೊರಳ್ತಾವಲ್ಲ, ಹಂಗ," ಎಂದಿದ್ದರು ಸರ್. ಪದರ ತೆಳ್ಳಗಾದಂತೆ ಆ ಸುಳಿ ಎಲ್ಲಿಯವರೆಗೆ ಉಳಿಯುತ್ತದೆ ಎಂಬುದೇ ಅವರ ಹುಡುಕಾಟ. ಕುಸನೂರ ಬಳಿಯ ವಿಶ್ವವಿದ್ಯಾಲಯದ ಕಂಪ್ಯೂಟರಿನಿಂದ ಅಂಕಿಗಳನ್ನು ತರುತ್ತಿದ್ದರು. ಚಿತ್ರ ತೆಗೆಯುವ ಪ್ರೋಗ್ರಾಂ ಇರಲಿಲ್ಲ. ಅಂಕಿ ನೋಡಿ ನಾನು ಗ್ರಾಫ್ ಹಾಳೆಯ ಮೇಲೆ ಬಾಣ ಬಿಡಿಸುತ್ತಿದ್ದೆ.

ಮೊದಮೊದಲು ಒಂದೊಂದು ಬಾಣವನ್ನೂ ಸರ್ ಪಟ್ಟಿ ಇಟ್ಟು ನೋಡುತ್ತಿದ್ದರು. ಏಳನೆಯ ತಿಂಗಳಲ್ಲಿ, "ಇನ್ನ ನಿನ್ನ ಹಾಳಿ ನೋಡಂಗಿಲ್ಲವಾ. ನನಗಿಂತ ನಿನ್ನ ಕೈ ಖರೆ ಅದ," ಎಂದರು.

ಕೊನೆಯದು ಎಲ್ಲಕ್ಕಿಂತ ತೆಳ್ಳನೆಯ ಪದರ, ಆರೇ ಸಾಲು. ಅಂಕಿಯ ಪ್ರಕಾರ ಎಡಗಡೆಯ ನಾಲ್ಕು ಬಾಣಗಳು ಸುಳಿಯ ಜೊತೆ ತಿರುಗದೆ ಹೊರಗೆ ನೋಡುತ್ತಿದ್ದವು. ನನ್ನ ಅವ್ವ ಶೇವಂತಾ ರಂಗೋಲಿಯ ಗೆರೆಯನ್ನು ಎಂದೂ ತೆರೆದು ಬಿಡಗೊಡುವುದಿಲ್ಲ. ತೆರೆದರೆ ಮನೆಯೊಳಗಿನದು ಅಲ್ಲಿಂದ ಹೊರಗೆ ಹೋಗುತ್ತದೆ ಎನ್ನುತ್ತಾಳೆ. ನಾನು ಯೋಚಿಸಲೇ ಇಲ್ಲ. ಕೈ ತಾನೇ ಆ ನಾಲ್ಕನ್ನೂ ತಿರುಗಿಸಿ ಸುಳಿಯನ್ನು ಮುಚ್ಚಿತು.

"ಇಷ್ಟು ತೆಳ್ಳಗಾದ್ರೂ ಉಳದದಲ್ಲೋ!" ಎಂದು ಸರ್ ಸ್ಟಾಫ್ ರೂಮಿಗೆಲ್ಲ ಕೆಂಬಾಳೆಹಣ್ಣು ಹಂಚಿದರು. ನನ್ನ ಕೈಗೂ ಒಂದು ಬಂತು. ಏನು ಮಾಡಿದ್ದೇನೆಂದು ಆಗ ತಿಳಿಯಿತು. ಬಾಯಿ ತೆರೆಯಲಿಲ್ಲ.

ಹೋದ ಗುರುವಾರದಿಂದ ಸರ್ ಕಾಲೇಜಿಗೆ ಬರಲಿಲ್ಲ. ಇವತ್ತು ಮಾವನ ಜೊತೆ ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿರುವ ಅವರ ಮನೆಗೆ ಹೋದೆ. ಬಾಗಿಲಲ್ಲಿ ಅವರ ತಾಯಿ ತುಂಗಾಬಾಯಿ ಇದ್ದರು.

"ಬಾರವಾ ಒಳಗ. ಹೊಸ್ತಿಲದಾಗ ನಿಂತು ಏನ್ ಪಹರೆ ಕಾಯ್ತಿ?" ಎಂದರು. ಆಮೇಲೆ ದನಿ ತಗ್ಗಿಸಿದರು. "ಇವನ ಗೈಡು ಗುರುಲಿಂಗಪ್ಪನವರು ಅಂಕಿ, ಚಿತ್ರ ಎರಡೂ ಹಚ್ಚಿ ನೋಡ್ಯಾರ. ಬೇಕಂತನೇ ಬಾಣ ತಿರುವೀರಿ ಅಂದ್ರಂತ. ಇವ ಸುಮ್ಮನ ಕೇಳಿ ಬಂದಾನ. ಇದ್ದ ನೌಕರೀನೂ ಹೋಗತದ, ನೋಡು."

"ಅವ್ವಾ, ಸಾಕು," ಎನ್ನುತ್ತ ಸರ್ ಹೊರಗೆ ಬಂದರು. ಗಡ್ಡ ಬೆಳೆದಿತ್ತು.

"ಸರ್, ಆ ನಾಲ್ಕು ಬಾಣ..." ಎಂದೆ.

"ಗೊತ್ತದ. ನೋಡೂದು ನನ್ನ ಕೆಲಸಿತ್ತು. ಗೈಡಿನ ಮುಂದ ನಿನ್ನ ಹೆಸರು ಯಾಕ?" ಎಂದರು. ಆಮೇಲೆ, "ಸುಳಿ ಎಲ್ಲಿ ಒಡೀತದ ಅಂತನೇ ನಾ ಹುಡುಕಾಕತ್ತಿದ್ದೆ. ಒಡದಿತ್ತು. ನನಗೇ ಕಾಣಲಿಲ್ಲ," ಎಂದರು.

ಬೈದಿದ್ದರೆ ಚೆನ್ನಾಗಿತ್ತು.

ಆ ಅಂಕಿಗಳ ಹಾಳೆಯ ಒಂದು ಪ್ರತಿ ನನ್ನ ಬಳಿ ಇದೆ. ನಾಳೆ ಏಳು ಗಂಟೆಯ ಬಸ್ಸಿಗೆ ಕುಸನೂರಿಗೆ ಹೋಗುತ್ತೇನೆ. ಗುರುಲಿಂಗಪ್ಪನವರ ಎದುರಿಗೇ ಆರೂ ಸಾಲುಗಳನ್ನು ಅಂಕಿ ಇದ್ದ ಹಾಗೆ ಮತ್ತೆ ಬಿಡಿಸಿ, ತಿರುಗಿಸಿದವಳು ನಾನು ಎಂದು ಹೇಳುತ್ತೇನೆ. ಬಾಯಿ ಬಾರದಿದ್ದರೆ ಇದನ್ನೆಲ್ಲ ಬರೆದಿಟ್ಟ ಈ ಹಾಳೆಗಳನ್ನು ಅವರ ಕೈಗೆ ಕೊಡುತ್ತೇನೆ.