ವಾಷರ್ ಮಾವನ ನಾಲ್ಕು ತೂತು

ನಮ್ಮ ಮಾವನಿಗೆ ಬೀದಿಯವರು ಇಟ್ಟ ಹೆಸರು ವಾಷರ್ ಮಾವ. ಮೂವತ್ತೈದು ವರ್ಷ ನೀರು ಸರಬರಾಜಿನ ಕಚೇರಿಯಲ್ಲಿ ಫಿಟ್ಟರ್ ಆಗಿದ್ದವರು. ನಿವೃತ್ತರಾಗಿ ನಾಲ್ಕು ವರ್ಷವಾಯಿತು, ಆದರೂ ಅಂಗಿ ಜೇಬಿನಲ್ಲಿ ಅರ್ಧ ಡಜನ್ ರಬ್ಬರ್ ವಾಷರ್ ಇಲ್ಲದೆ ಹೊಸ್ತಿಲು ದಾಟುವವರಲ್ಲ. ಯಾರ ಮನೆಗಾದರೂ ಟೀಗೆ ಹೋದರೆ, ಲೋಟ ಖಾಲಿಯಾಗುವ ಮೊದಲೇ ಅವರ ಬಚ್ಚಲಿನ ನಲ್ಲಿ ಬಿಚ್ಚಿಕೊಂಡು ಕೂತಿರುತ್ತಾರೆ. ನಾನು ಸೊಸೆಯಾಗಿ ಬಂದ ವಾರ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ನಿಮ್ಮ ತವರಲ್ಲಿ ನಲ್ಲಿ ಸೋರುತ್ತೇನಮ್ಮ?" ಹೂಂ ಅಂದೆ, ಅದೇ ತಪ್ಪಾಯಿತು. ಮರುದಿನ ಬೆಳಗ್ಗೆ ಸ್ಪ್ಯಾನರ್ ಹಿಡಿದು ನಮ್ಮಪ್ಪನ ಮನೆ ಬಾಗಿಲಲ್ಲಿದ್ದರು.

ಅತ್ತೆ ಹೊಲಿಗೆಯವರು. ಮನೆ ಯಾವುದೇ ಇರಲಿ, ಮೂವತ್ತೊಂದು ವರ್ಷ ಅವರ ಮೆಷಿನ್ನು ಇದ್ದದ್ದು ಮಲಗುವ ಕೋಣೆಯ ಬಾಗಿಲ ಹಿಂದೆ. ಅದರ ದೆಸೆಯಿಂದ ಆ ಬಾಗಿಲು ಅರ್ಧಕ್ಕಿಂತ ಹೆಚ್ಚು ತೆರೆದದ್ದೇ ಇಲ್ಲ. ಬಟ್ಟೆ ಕತ್ತರಿಸುವುದು ಮಂಚದ ಮೇಲೆ. ಯಾರಿಗಾದರೂ ಒರಗಬೇಕು ಅನಿಸಿದರೆ ಅಳತೆ ಹಾಕಿದ್ದು, ಗುರುತು ಮಾಡಿದ್ದು ಎಲ್ಲವನ್ನೂ ಬಾಚಿ ತೆಗೆಯಬೇಕು. ಒಮ್ಮೆ ನನ್ನ ಹತ್ತಿರ ಹೇಳಿದ್ದರು, "ಹರಡಿದ್ದನ್ನ ಹರಡಿದ ಹಾಗೇ ಬಿಟ್ಟು ಬರೋಕೆ ಒಂದು ಜಾಗ ಬೇಕು ಕಣೇ. ಅಷ್ಟೇ ನನ್ನಾಸೆ. ಬಂಗಲೆ ಕೇಳ್ತಿಲ್ಲ."

ನಾವು ಈ ಮನೆಗೆ ಬಂದಾಗ ಹಿತ್ತಲ ಕೈತೋಟದಲ್ಲಿ ಹಳೆಯ ಮಾಲೀಕರು ಬಿಟ್ಟು ಹೋದ ಒಂದು ಮರದ ಶೆಡ್ಡು ಇತ್ತು. ಪಾಚಿ ಹಿಡಿದು, ಒಂದು ಕಡೆಗೆ ವಾಲಿಕೊಂಡು, ಬಾಗಿಲಿಗೆ ಚಿಲಕವೂ ಇಲ್ಲದೆ ನಿಂತಿತ್ತು. ಮಾವ ಅದನ್ನು ಒಂದು ಸುತ್ತು ಹಾಕಿ ಬಂದು ಅತ್ತೆಗೆ ಹೇಳಿದರು, "ಇದು ನಿಂದು. ಮಳೆಗಾಲದೊಳಗೆ ರೆಡಿ ಮಾಡಿಕೊಡ್ತೀನಿ. ಒಂದು ಹನಿ ಒಳಗೆ ಬಿಟ್ಟೆ ಅಂದ್ರೆ ನನ್ನ ಹೆಸರು ಬದಲಾಯಿಸಿಬಿಡು."

"ಯಾವ ಹೆಸರು ಮಾವ, ವಾಷರ್ರಾ?" ಅಂದೆ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಮೂರು ತಿಂಗಳು ಮಂಡಿನೋವನ್ನು ಕ್ಯಾರೇ ಅನ್ನದೆ ದುಡಿದರು. ಕೆಳಗಿನ ಹಲಗೆಗಳು ನೆಲಕ್ಕೆ ತಾಗಿಕೊಂಡೇ ಇದ್ದು ಎಷ್ಟು ಕೊಳೆತಿದ್ದವೆಂದರೆ ಸ್ಕ್ರೂಡ್ರೈವರ್ ಚುಚ್ಚಿದರೆ ನೆನೆದ ರಸ್ಕಿಗೆ ಚುಚ್ಚಿದ ಹಾಗೆ ಇಳಿಯುತ್ತಿತ್ತು. ಕಾರಿನ ಜಾಕ್ ಹಾಕಿ ಒಂದೊಂದೇ ಮೂಲೆ ಎತ್ತಿ ಇಟ್ಟಿಗೆ ಕೊಟ್ಟರು. ಕೊಳೆತ ಹಲಗೆ ಬದಲಾಯಿಸಿದರು. ಪಾಚಿ ಕೆರೆದು, ಎಂಟು ದಿನ ಬಿಸಿಲಿಗೆ ಬಿಟ್ಟು, ಮರ ಪೂರ್ತಿ ಒಣಗಿದ ಮೇಲೆಯೇ ಅಗಸೆ ಎಣ್ಣೆ ಹಚ್ಚಿದರು. ಒಂದಲ್ಲ, ಮೂರು ಸಲ. ಪ್ರತಿ ಸಲವೂ ಮರ ಕುಡಿಯದೆ ಬಿಟ್ಟ ಎಣ್ಣೆಯನ್ನು ಹಳೇ ಬನಿಯನ್ನಿನಿಂದ ಒರೆಸಿ ತೆಗೆದರು. ಮಾಡಿಗೆ ಟಾರ್ ಶೀಟು ಹೊದಿಸಿ, ಅಂಚು ಕೆಳಕ್ಕೆ ಮಡಚಿ ಮೊಳೆ ಹೊಡೆದರು. ಇಲ್ಲಿಯವರೆಗೆ ಮಾಡಿದ್ದರಲ್ಲಿ ಬೆರಳು ತೋರಿಸುವಂಥದ್ದು ಒಂದೂ ಇಲ್ಲ. ನನ್ನದು ಮೂಗಿನ ತುದಿಯ ಕೋಪ, ಹೊಗಳುವುದು ಕಡಿಮೆ. ಆದರೂ ಸುಳ್ಳು ಹೇಳಲಾರೆ, ಮರ ಜೇನಿನ ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು.

ಅಲ್ಲಿಗೆ ನಿಲ್ಲಿಸಿದ್ದರೆ ಅವರು ನಮ್ಮ ಮಾವ ಹೇಗಾಗುತ್ತಿದ್ದರು? ಅವರೊಳಗಿದ್ದ ಫಿಟ್ಟರ್ ಎದ್ದು ಕೂತ. ಸಿಲಿಕಾನ್ ಗನ್ ಹಿಡಿದು ಹಲಗೆ ಹಲಗೆಯ ನಡುವೆ ಅಂಟು ತುಂಬಿದರು. ಕಿಟಕಿಯ ಸುತ್ತ ಎರಡು ಸಾಲು. ಬಾಗಿಲ ಚೌಕಟ್ಟಿಗೆ ರಬ್ಬರ್ ಪಟ್ಟಿ ಎಳೆದರು. ಮುಚ್ಚಿದರೆ ಬಾಗಿಲು ಉಸಿರೆಳೆದುಕೊಂಡ ಹಾಗೆ ಕೂರುತ್ತಿತ್ತು. ಮಾಡಿನ ತುದಿಯ ಕೆಳಗೆ, ಆ ಶೆಡ್ಡು ಕಟ್ಟಿದ ಬಡಗಿ ಯಾರೋ ಎರಡು ಸಣ್ಣ ಸಂದು ಬಿಟ್ಟಿದ್ದ. "ಇದು ನೋಡು, ಎಂಥಾ ಸೋಮಾರಿ ಕೆಲಸ!" ಎಂದು ಅವನಿಗೆ ಬೈದು ಅವನ್ನೂ ಗಟ್ಟಿಯಾಗಿ ಮೆತ್ತಿದರು.

ಆಮೇಲೆ ಪರೀಕ್ಷೆ. ಟ್ಯಾಂಕು ಪರೀಕ್ಷೆ ಮಾಡುವುದೂ ಹೀಗೆಯೇ ಅಂತೆ. ಭಾನುವಾರ, ನಾನು ಕೆಲಸ ಮಾಡುವ ಔಷಧಿ ಅಂಗಡಿಗೆ ರಜೆ. ಕೈಗೆ ಟಾರ್ಚು ಕೊಟ್ಟು ನನ್ನನ್ನು ಒಳಗೆ ಕೂರಿಸಿ ಬಾಗಿಲು ಹಾಕಿದರು. ಹೊರಗಿಂದ ತೋಟದ ಪೈಪಿನಲ್ಲಿ ನೀರು ಹೊಡೆಯತೊಡಗಿದರು.

"ಬಂತಾ?"

"ಇಲ್ಲ!"

"ಮೂಲೇಲಿ?"

"ಇಲ್ಲ ಮಾವ!"

"ಸರಿಯಾಗಿ ನೋಡಮ್ಮ, ಸುಮ್ಸುಮ್ನೆ ಇಲ್ಲ ಅನ್ಬೇಡ!"

ಅರ್ಧ ಗಂಟೆ. ಹೊರಬಂದಾಗ ನಾನು ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿದ್ದೆ. ಮಾವ ನನ್ನ ಮುಖ ನೋಡಲೇ ಇಲ್ಲ, ನೆಲ ಮುಟ್ಟಿ ನೋಡಿ, "ಒಂದು ಹನಿ ಇಲ್ಲ!" ಎಂದು ಕುಣಿದರು. ಆಗಲೇ ನಮ್ಮಿಬ್ಬರಲ್ಲಿ ಒಬ್ಬರಿಗಾದರೂ ಬುದ್ಧಿ ಓಡಬೇಕಿತ್ತು, ಓಡಲಿಲ್ಲ.

ಮೆಷಿನ್ನು ಶೆಡ್ಡಿಗೆ ಹೋಯಿತು. ಅತ್ತೆ ಉದ್ದ ಮೇಜಿನ ಮೇಲೆ ಬಟ್ಟೆ ಹರಡಿ, ಕತ್ತರಿಯನ್ನು ಅದರ ಮೇಲೇ ಬಿಟ್ಟು ಊಟಕ್ಕೆ ಬಂದರು. ಎರಡು ತುತ್ತು ತಿಂದವರು ಎದ್ದು ಹೋಗಿ ಕಿಟಕಿಯಿಂದ ಇಣುಕಿ, ಹರಡಿದ್ದು ಹಾಗೇ ಇದೆಯಾ ಎಂದು ನೋಡಿ ಬಂದರು. ಐವತ್ತೆಂಟು ವರ್ಷದ ಹೆಂಗಸು ಹಾಗೆ ನಗುವುದನ್ನು ನಾನು ನೋಡಿರಲಿಲ್ಲ. ಅದೇ ವಾರ ಬೀದಿಯ ಕೊನೆಯ ವಾಚನಾಲಯದವರು ಇಪ್ಪತ್ತನಾಲ್ಕು ಬಿಳಿ ಪರದೆ ಹೊಲಿಯಲು ಕೊಟ್ಟರು.

ಮಳೆ ಹಿಡಿಯಿತು. ಮಾಡಿನಿಂದ ಒಂದು ಹನಿ ಬೀಳಲಿಲ್ಲ. ಆದರೆ ಗೋಡೆಗಳು ತೇವವಾದವು, ಕಿಟಕಿ ಗಾಜಿನಿಂದ ನೀರು ಇಳಿಯತೊಡಗಿತು, ಐದನೇ ದಿನ ಮಡಚಿಟ್ಟ ಪರದೆಗಳ ಮೇಲೆ ಕಪ್ಪು ಚುಕ್ಕೆ ಕಂಡವು. ಮಾವ ಮಧ್ಯಾಹ್ನ ಮಲಗಿದಾಗ ಅತ್ತೆ ಪರದೆಗಳನ್ನು ಅಡುಗೆಮನೆಗೆ ಹೊತ್ತು ತಂದು ನಿಂಬೆ ರಸ ಉಜ್ಜಿ ಒಲೆಯ ಹತ್ತಿರ ಒಣಗಿಸುತ್ತಿದ್ದರು.

"ಹೇಳಬಾರದಾ ಅತ್ತೆ?" ಅಂದೆ.

"ಬಾಯಿ ಮುಚ್ಚು. ಮೂರು ತಿಂಗಳು ಮಂಡಿ ಊರಿ ಮಾಡಿದಾರೆ. ಈ ವಾರ ನೋಡ್ತೀನಿ, ಆಗದಿದ್ರೆ ಮೆಷಿನ್ನು ಬಾಗಿಲ ಹಿಂದಕ್ಕೇ ತರೋದು. ನಂಗೂ ಮಂಡಿನೋವು ಅಂತ ನೆಪ ಹೇಳ್ತೀನಿ."

ಅಷ್ಟರಲ್ಲಿ ಮಾವನಿಗೂ ತೇವ ಕಣ್ಣಿಗೆ ಬಿತ್ತು. ಅವರ ಲೆಕ್ಕದಲ್ಲಿ ತೇವ ಅಂದರೆ ಸೋರಿಕೆ, ಸೋರಿಕೆ ಅಂದರೆ ಎಲ್ಲೋ ಸಂದು. ಐದು ನಿಮಿಷಕ್ಕೊಮ್ಮೆ ದಬಾರನೆ ಬಾಗಿಲು ತೆಗೆದು ನುಗ್ಗುವುದು, "ಸ್ವಲ್ಪ ಏಳು, ನಿನ್ನ ಹಿಂದಿನ ಗೋಡೆ ನೋಡ್ಬೇಕು" ಅನ್ನುವುದು, ಮೇಜು ಸರಿಸುವುದು, ಇನ್ನಷ್ಟು ಅಂಟು ಬಳಿಯುವುದು. ಬಳಿದಷ್ಟೂ ತೇವ ಹೆಚ್ಚಿತು. ಅತ್ತೆ ಹರಡಿದ್ದನ್ನು ದಿನಕ್ಕೆ ಹತ್ತು ಸಲ ಬಾಚಿ ತೆಗೆಯಬೇಕಾಯಿತು. ಮಂಚವೇ ವಾಸಿ ಅನ್ನುವಂತಾಯಿತು ಅವರ ಪಾಡು.

ಈ ಹುಡುಕಾಟದ ಮೂರನೇ ದಿನ ಊಟಕ್ಕೆ ಕೂತಾಗ ಮಾವ, "ನಾಳೆ ಇನ್ನೂ ನಾಲ್ಕು ಟ್ಯೂಬು ತರ್ತೀನಿ" ಅಂದರು. ನನ್ನ ತಾಳ್ಮೆಯ ಕಟ್ಟೆ ಒಡೆಯಿತು.

"ಮಾವ, ಆ ನೀರು ಹೊರಗಿಂದ ಬರ್ತಿಲ್ಲ! ಅತ್ತೆ ಉಸಿರು, ಇಸ್ತ್ರಿಯ ಹಬೆ, ಎಲ್ಲ ಒಳಗೇ ಸೇರ್ಕೊಂಡಿದೆ. ಎಲ್ಲಿ ಹೋಗ್ಬೇಕು ಅದು? ಕುಕ್ಕರಿಗೂ ಒಂದು ಸೀಟಿ ಅಂತ ಇಟ್ಟಿರ್ತಾರೆ! ಪರದೆಗೆಲ್ಲ ಬೂಸ್ಟು ಹಿಡಿದಿದೆ, ಅತ್ತೆ ಮೆಷಿನ್ನು ವಾಪಸ್ ತರೋಕೆ ಹೊರಟಿದಾರೆ!"

ಅತ್ತೆ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದರು. ಮಾವ ಕೈ ತಟ್ಟೆಯಲ್ಲೇ ಬಿಟ್ಟು ಅತ್ತೆಯ ಕಡೆ ತಿರುಗಿದರು.

"ಹೌದೇನೇ?"

"ಹೂಂ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ ರೀ? ನಿಮ್ಮ ಮುಖ ನೋಡೋಕಾಗ್ತಿತ್ತಾ?"

ಮಾವ ಎದ್ದು ಕೈ ತೊಳೆದುಕೊಂಡು ಹೋದರು. ಸತ್ಯ ಹೇಳಿದೆ ಅಂತ ಸಮಾಧಾನ ಮಾಡಿಕೊಂಡರೂ ಆ ಮುದುಕರ ಬಗ್ಗಿದ ಬೆನ್ನು ನೋಡಿ ನಾಲಿಗೆ ಕಚ್ಚಿಕೊಂಡೆ.

ಬೆಳಗ್ಗೆ ಮಳೆ ಬಿಡುವು ಕೊಟ್ಟಿತ್ತು. ಹಿತ್ತಲಿಗೆ ಹೋದರೆ ಮಾವ ಹಳೆಯ ಸಂದುಗಳ ಅಂಟನ್ನು ಉಳಿಯಿಂದ ಕೀಳಲು ಒದ್ದಾಡುತ್ತಿದ್ದರು. ಅವರೇ ಮೆತ್ತಿದ್ದಲ್ಲವೇ, ಜಪ್ಪಯ್ಯ ಅಂದರೂ ಬರಲಿಲ್ಲ. ಆ ಬಡಗಿಗೆ ಬೈದದ್ದನ್ನೆಲ್ಲ ವಾಪಸ್ ತೆಗೆದುಕೊಂಡು, ಗೋಡೆಯ ಮೇಲೆ ಪೆನ್ಸಿಲಿನಿಂದ ನಾಲ್ಕು ವೃತ್ತ ಬರೆದರು. ಮುಂದೆ ಕೆಳಗೆ ಎರಡು, ಹಿಂದೆ ಮೇಲೆ ಎರಡು. ಡ್ರಿಲ್ಲಿಗೆ ಬಟ್ಟಲಿನಂಥ ಗರಗಸ ಸಿಕ್ಕಿಸಿ ಮೊದಲ ವೃತ್ತಕ್ಕೆ ಒತ್ತಿ ಹಿಡಿದರು. ಹಿಡಿದವರು ಹಿಡಿದ ಹಾಗೇ ನಿಂತರು.

"ಏನಾಯ್ತು ಮಾವ?"

"ಕೈ ಬರ್ತಿಲ್ಲಮ್ಮ" ಅಂದರು. "ಮೂವತ್ತೈದು ವರ್ಷ ತೂತು ಮುಚ್ಚಿದ ಕೈ ಇದು. ಚೆನ್ನಾಗಿರೋ ಹಲಗೆಗೆ ಬೇಕೂಂತ ಹೇಗೆ ಹಾಕ್ಲಿ?"

ತಮಾಷೆಗೆ ಹೇಳಿದ್ದಲ್ಲ. ಕಣ್ಣು ತುಂಬಿತ್ತು.

ಅತ್ತೆ ಯಾವಾಗ ಬಂದು ನಿಂತಿದ್ದರೋ. "ಕೊಡಿ ಇಲ್ಲಿ" ಅಂದರು. "ನೀವು ಮುಚ್ಚಿದ್ರಿ, ನಾನು ಮೂವತ್ತೊಂದು ವರ್ಷ ಒಳ್ಳೊಳ್ಳೆ ಬಟ್ಟೆಗೆ ತೂತು ಹಾಕಿದೀನಿ. ಕಾಜಾ ಇಲ್ಲದೆ ಗುಂಡಿ ಎಲ್ಲಿ ಹಾಕ್ತಾರೆ ರೀ?"

ಸೆರಗು ಸೊಂಟಕ್ಕೆ ಸಿಕ್ಕಿಸಿ ಡ್ರಿಲ್ ಒತ್ತಿದರು. ಮರದ ಪುಡಿ ಅವರ ಕನ್ನಡಕದ ಮೇಲೆಲ್ಲ ಹಾರಿತು. ದುಂಡಗಿನ ಬಿಲ್ಲೆಯೊಂದು ಒಳಗೆ ಟಪ್ಪೆಂದು ಬಿತ್ತು. "ಆಹಾ, ಎಷ್ಟು ಚೆನ್ನಾಗಿ ಕೊರೆಯುತ್ತೆ ರೀ ಇದು!" ಎಂದು ಎರಡನೆಯದಕ್ಕೆ ಹೋದರು. ನಾಲ್ಕೂ ಮುಗಿಸಿ, ಐದನೆಯದಕ್ಕೆ ಜಾಗ ಹುಡುಕುತ್ತಿದ್ದವರನ್ನು ಮಾವ ತಡೆಯಬೇಕಾಯಿತು. "ಸಾಕು ಮಾರಾಯ್ತಿ, ಶೆಡ್ಡನ್ನ ಜರಡಿ ಮಾಡ್ಬೇಡ!" ಎನ್ನುವಾಗ ನಗುತ್ತಿದ್ದರು. ಸೊಳ್ಳೆ ಪರದೆಯ ತುಂಡು, ಮೇಲೆ ತಗಡಿನ ಸಣ್ಣ ಇಳಿಜಾರು ಟೊಪ್ಪಿ, ಅವೆಲ್ಲ ಮಾವನ ಪಾಲು. ಮಧ್ಯಾಹ್ನದೊಳಗೆ ಮುಗಿಯಿತು.

ಮೂರು ದಿನದಲ್ಲಿ ಗೋಡೆ ಒಣಗಿತು. ಆಮೇಲೆ ಒಂದು ಸಂಜೆ ಮಳೆ ಕೊಡದಲ್ಲಿ ಹೊಯ್ದ ಹಾಗೆ ಸುರಿಯತೊಡಗಿತು. ಶೆಡ್ಡಿನಲ್ಲಿ ದೀಪವಿತ್ತು, ಮೆಷಿನ್ನು ಓಡುತ್ತಿತ್ತು. ಮಾವ ವರಾಂಡದಲ್ಲಿ ಕೂರುತ್ತಾರೆ, ಏಳುತ್ತಾರೆ, ಮತ್ತೆ ಕೂರುತ್ತಾರೆ. ಕೊನೆಗೆ ಕೊಡೆ ಹಿಡಿದು ಹೊರಟೇಬಿಟ್ಟರು. ಆಯಿತು, ಇನ್ನು ಅತ್ತೆಯ ಮೇಜು ಮೂಲೆ ಸೇರಿತು ಎಂದು ನಾನೂ ಚಪ್ಪಲಿ ಮೆಟ್ಟಿ ಹಿಂದೆಯೇ ಓಡಿದೆ.

ಮಾವ ಬಾಗಿಲ ಹತ್ತಿರ ಹೋದವರು ಒಳಗೆ ನುಗ್ಗಲಿಲ್ಲ. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು. ಮೆಷಿನ್ನು ನಿಂತಿತು.

"ಯಾರು?"

"ನಾನೇ. ಒಳಗೆ ಬರ್ಲಾ?"

ಬಾಗಿಲು ತಟ್ಟಿ ಕೇಳಿದವರಿಗೆ ಉತ್ತರ ಕೊಟ್ಟು ಅತ್ತೆಗೆ ಅಭ್ಯಾಸವಿರಲಿಲ್ಲ.

"ಏನು, ಗೋಡೆ ನೋಡೋಕೆ ಬಂದ್ರಾ?"

"ಇಲ್ಲ ಕಣೇ" ಅಂದರು ಮಾವ, ಮಳೆಯಲ್ಲಿ ಪಂಚೆ ಅರ್ಧ ತೊಯ್ದು ಹೋಗಿತ್ತು. "ಸುಮ್ನೆ ಬಂದೆ."

"ಹಾಗಾದ್ರೆ ಬನ್ನಿ" ಅಂದರು ಅತ್ತೆ.