ಗಾಡಿ ಮಲಗಿಸುವ ಹಬ್ಬ

ಮನುಷ್ಯನ ಸಂಸ್ಕಾರ ಅವನ ಕೈಬೆರಳುಗಳಲ್ಲಿ ಕಾಣುತ್ತದೆಂದು ಬಲ್ಲವರು ಹೇಳುತ್ತಾರೆ. ನಮ್ಮ ಪಕ್ಕದ ಮನೆ ಅಂಕಲ್ ಬೆರಳುಗಳಲ್ಲಿ ನನಗೆ ಕಂಡದ್ದು ಚೈನಿನ ಗ್ರೀಸು. ಉಂಗುರದ ಬೆರಳೊಂದನ್ನು ಮಾತ್ರ ಕುಂಕುಮಕ್ಕೆಂದು ಮೀಸಲಿಟ್ಟು, ಕೆಲಸದ ಉದ್ದಕ್ಕೂ ಅದನ್ನು ಸೆಟೆದು ಮೇಲೆತ್ತಿ ಹಿಡಿದಿರುತ್ತಿದ್ದರು. ಆದರೂ ಎಲ್ಲೋ ಲೆಕ್ಕ ತಪ್ಪಿ ಹಣೆಯ ಮೇಲೆ ಕಪ್ಪು ಬೀಳುತ್ತಿತ್ತು. ಮೈಸೂರಿನ ಹುಟ್ಟಾ ಸ್ಮಾರ್ತರು ಮಧ್ಯಾಹ್ನದ ಹೊತ್ತಿಗೆ ಅಂಗಾರವಿಟ್ಟ ಮಾಧ್ವರಂತೆ ಕಾಣುತ್ತಿದ್ದರು.

ಇದು ನಡೆಯುತ್ತಿದ್ದದ್ದು ಆಯುಧಪೂಜೆಯ ದಿನ, ಟೆಕ್ಸಸ್‌ನಲ್ಲಿ ಡಾಲಸ್ ಪಕ್ಕದ ಪ್ಲೇನೋದ ಅವರ ಗರಾಜಿನಲ್ಲಿ. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆಂದು ಹೆದರಿ ಅಮೆರಿಕ ನಮ್ಮಂಥವರನ್ನು ಕರೆಸಿಕೊಂಡ ಕಾಲದಲ್ಲಿ ನಾನು ಅವರ ನೆರೆಯವನಾದೆ. ಇಸವಿ ಬಂತು, ಏನೂ ಆಗಲಿಲ್ಲ, ನಾನು ಉಳಿದೆ. ಅಂಕಲ್ ಮನೆಯಲ್ಲಿ ಇದ್ದದ್ದು ಅವರು, ಧಾರವಾಡ ಕಡೆಯ ಆಂಟಿ, ಮತ್ತು ಕಡುಗೆಂಪು ಬಣ್ಣದ ಒಂದು ಹಳೆಯ ಮೋಟಾರ್ ಸೈಕಲ್ಲು. ಮೂರನೆಯದನ್ನು ಆಂಟಿ 'ನನ್ನ ಸವತಿ' ಎಂದೇ ಪರಿಚಯ ಮಾಡಿಸಿದರು.

ಊರಿನಲ್ಲಿ ಆಯುಧಗಳಿಗೆ ಪೂಜೆಯ ದಿನ ಒಂದೇ ರಜೆ. ಮಾರನೆಯ ದಿನ ವಿಜಯದಶಮಿ, ಎಲ್ಲವೂ ಮತ್ತೆ ಕೆಲಸಕ್ಕೆ. ಅಂಕಲ್ ತಮ್ಮ ಗಾಡಿಗೆ ಆ ರಜೆಯನ್ನು ಯುಗಾದಿಯವರೆಗೆ ವಿಸ್ತರಿಸಿದ್ದರು. ಅಮೆರಿಕದಲ್ಲಿ ಅವರ ಮೊದಲ ಕೆಲಸ ಮಿನೆಸೋಟಾದಲ್ಲಿ. ಅಲ್ಲಿ ಸೊಂಟದುದ್ದ ಹಿಮ ಬೀಳುವುದರಿಂದ ಗಾಡಿಗಳನ್ನು ಚಳಿಗಾಲಕ್ಕೆ ಮಲಗಿಸುತ್ತಾರೆ. ಅಂಕಲ್ ಟೆಕ್ಸಸ್‌ಗೆ ಶಿಫ್ಟ್ ಆದಾಗ ಮಿನೆಸೋಟಾದ ಚಳಿಯನ್ನು ಅಲ್ಲೇ ಬಿಟ್ಟು, ಅದರ ಶಾಸ್ತ್ರವನ್ನಷ್ಟೇ ಹೊತ್ತು ತಂದಿದ್ದರು. ಡಿಸೆಂಬರಿನ ಬಿಸಿಲಿನಲ್ಲಿ ಎದುರುಮನೆಯ ಅಮೆರಿಕನ್ ಅರ್ಧ ತೋಳಿನ ಅಂಗಿ ಹಾಕಿಕೊಂಡು ತನ್ನ ಗಾಡಿಯ ಮೇಲೆ ಕೈ ಬೀಸುತ್ತ ಹೋದರೆ, ಅಂಕಲ್ ಕಿಟಕಿಯಿಂದ ನೋಡಿ, "ಅನಾಗರಿಕ" ಎನ್ನುತ್ತಿದ್ದರು. ಒಂದು ವರ್ಷ ಡಾಲಸ್ಸಿನಲ್ಲಿ ಐಸ್ ಬಿದ್ದು ಎಲ್ಲ ಬಂದ್ ಆಯಿತು. ಅಂಕಲ್ ಬೆಳಿಗ್ಗೆಯೇ ಫೋನ್ ಮಾಡಿ, "ನೋಡಿದೆಯೇನಯ್ಯ?" ಎಂದು ಕೇಳಿ ಇಟ್ಟುಬಿಟ್ಟರು. ಮಧ್ಯಾಹ್ನ ಐಸ್ ಕರಗಿತು. ಆ ವಿಷಯ ಅವರು ಎತ್ತಲಿಲ್ಲ.

ಮಲಗಿಸುವ ವಿಧಿ ಸತ್ಯನಾರಾಯಣ ಪೂಜೆಗಿಂತ ದೀರ್ಘ, ಪ್ರಸಾದ ಅದಕ್ಕಿಂತ ಕಡಿಮೆ. ಮೊದಲು ಅಭ್ಯಂಜನ, ಒರೆಸುವುದು. ಹಳೆಯ ಆಯಿಲ್ ತೆಗೆದು ಹೊಸದು. ಚೈನಿಗೆ ಗ್ರೀಸು. ಟ್ಯಾಂಕಿನ ಕತ್ತಿನವರೆಗೂ ಪೆಟ್ರೋಲು, ಅದು ಕೆಡದಂತೆ ಒಂದಿಷ್ಟು ಔಷಧಿ. ಆ ಔಷಧಿ ಇಂಜಿನ್ನಿಗೆಲ್ಲ ಇಳಿಯಲೆಂದು ಸ್ಟಾರ್ಟ್ ಮಾಡಿ, ಚಕ್ರದಡಿ ನಿಂಬೆಹಣ್ಣಿಟ್ಟು, ಬೀದಿಯಲ್ಲಿ ಒಂದು ಸುತ್ತು. ಹಿಂದಿರುಗಿದ ಮೇಲೆ ಬ್ಯಾಟರಿ ಬಿಚ್ಚಿ, ಇಲಿ ಹೋಗದಂತೆ ಸೈಲೆನ್ಸರಿಗೆ ಬಟ್ಟೆ ತುರುಕಿ, ಟೈರು ನೆಲಕ್ಕೆ ತಾಗದಂತೆ ಸ್ಟ್ಯಾಂಡಿಗೆ ಎತ್ತುವುದು. ಎತ್ತುವಾಗ ಹಿಡಿದುಕೊಳ್ಳುವ ಪಾತ್ರ ನನ್ನದು. ಕೊನೆಗೆ ಹೊದಿಕೆ: ಆಂಟಿಯ ಹಳೆಯ ಇಳಕಲ್ ಸೀರೆ.

"ನನಗ ಒಂದು ಹೊಸಾ ಸೀರಿ ತರ್ಲಿಕ್ಕೆ ಇವರಿಗೆ ಟೈಮಿಲ್ಲ," ಆಂಟಿ ನನಗೆ ಕೇಳುವಂತೆ ಹೇಳುತ್ತಿದ್ದರು. "ಆಕಿ ಮಾತ್ರ ಬೆಚ್ಚಗ ಮಲಗಬೇಕು."

"ಪ್ಲಾಸ್ಟಿಕ್ ಹೊದಿಸಿದರೆ ಬೆವರುತ್ತೆ ಕಣೆ."

"ನಾನೂ ಬೆವರ್ತೀನ್ರೀ. ನೋಡೀರೇನು ಎಂದಾರ?"

ಎಲ್ಲಕ್ಕಿಂತ ಮುಖ್ಯವಾದ ಸೂತ್ರವನ್ನು ಅಂಕಲ್ ಪ್ರತಿ ವರ್ಷವೂ ಮಂತ್ರದಂತೆ ಹೇಳುತ್ತಿದ್ದರು: "ಟ್ಯಾಂಕ್ ಅರ್ಧ ಬಿಡಬಾರದು ಕಣಯ್ಯ, ತುಕ್ಕು ಹಿಡಿಯುತ್ತೆ. ನಾವು ಯುಗಾದಿಗೆ ಎಬ್ಬಿಸೋರಾದರೆ ಪೂರ್ತಿ ತುಂಬಿಸಬೇಕು. ಎಬ್ಬಿಸೋರಿಲ್ಲ ಅಂದರೆ ಪೂರ್ತಿ ಬಸಿದುಬಿಡಬೇಕು." ಬಾಗಿಲಲ್ಲಿ ನಿಂತ ಆಂಟಿ ಆಕಳಿಸುತ್ತಿದ್ದರು. ಅವರ ಕಿವಿಗೆ ಇದೆಲ್ಲ ಬಿದ್ದಿದೆಯೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಒಂದು ದಸರೆಗೆ ನಾನು ಎಂದಿನಂತೆ ಹೋದೆ. ಗಾಡಿ ತೊಳೆದು ನಿಂತಿತ್ತು. ಅಂಕಲ್ ಸ್ಟೂಲಿನ ಮೇಲೆ ಕೂತಿದ್ದರು. ಟ್ಯಾಂಕಿನಿಂದ ಒಂದು ಪೈಪು ಕೆಳಗಿಳಿದು ಕೆಂಪು ಡಬ್ಬದಲ್ಲಿ ಮುಗಿದಿತ್ತು. ಪೆಟ್ರೋಲು ಇಳಿಯುತ್ತಿತ್ತು.

"ಅಂಕಲ್, ಬಸೀತಿದ್ದೀರಲ್ಲ?"

"ಹೂಂ."

"ಗಾಡಿ ಮಾರ್ತೀರಾ?"

"ಛೆ, ಛೆ." ಪೈಪನ್ನು ಸ್ವಲ್ಪ ಸರಿಪಡಿಸಿದರು. "ಹ್ಯೂಸ್ಟನ್ನಿಗೆ ಹೋಗಿದ್ದೆನಲ್ಲ, ಗೃಹಪ್ರವೇಶ ಅಂತ. ಗೃಹಪ್ರವೇಶ ಇರಲಿಲ್ಲ. ಡಾಕ್ಟರ ಹತ್ತಿರ ಹೋಗಿದ್ದೆ. ಹೊಟ್ಟೇಲಿ ಕ್ಯಾನ್ಸರಂತೆ, ಲಿವರಿಗೂ ಹೋಗಿದೆಯಂತೆ. ಯುಗಾದಿ ಕಾಣೋದು ಅನುಮಾನ ಅಂದರು. ಆ ಟವೆಲ್ ಕೊಡು."

ನಾನು ಟವೆಲ್ ಕೊಟ್ಟೆ. ಬೇರೆ ಏನು ಮಾಡಬೇಕಿತ್ತೆಂದು ಇಂದಿಗೂ ತಿಳಿದಿಲ್ಲ. ಮನುಷ್ಯ ತನ್ನ ಸಾವಿನ ಸುದ್ದಿಯನ್ನು ಟವೆಲ್ಲಿನ ಜೊತೆ ಒಂದೇ ಉಸಿರಿನಲ್ಲಿ ಹೇಳಬಹುದೆಂಬುದು ನನಗೆ ಗೊತ್ತಿರಲಿಲ್ಲ. "ಆಂಟಿಗೆ?" ಎಂದೆ.

"ಹಬ್ಬ ಮುಗೀಲಿ. ಪಾಪ, ಹೋಳಿಗೆ ಮಾಡ್ತಿದ್ದಾಳೆ. ಅವಳಿಗೆ ಇದೆಲ್ಲ ಗೊತ್ತಾಗಲ್ಲ ಬಿಡು."

ಆಗಲೇ ಆಂಟಿ ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದರು. ಮೊದಲು ಮೂಗು ಸಿಂಡರಿಸಿದರು. ಆಮೇಲೆ ಪೈಪನ್ನು ನೋಡಿದರು, ಡಬ್ಬವನ್ನು ನೋಡಿದರು. ಅಂಕಲ್ ಮುಖವನ್ನು ನೋಡಲೇ ಇಲ್ಲ.

"ಎಲ್ಲಿಗೆ ಹೊಂಟೀರಿ?"

ಅಂಕಲ್ ಪೈಪನ್ನು ಮತ್ತೆ ಸರಿಪಡಿಸಿದರು.

"ಕೇಳಲಿಕ್ಕತ್ತೀನಿ. ನನ್ನ ಬಿಟ್ಟು ಎಲ್ಲಿಗೆ ಹೊಂಟೀರಿ ನೀವು?"

ನನಗೆ ಬಿದ್ದ ಮೊದಲ ಪೆಟ್ಟಿಗಿಂತ ಇದು ದೊಡ್ಡದು. ಆ ಗಾಡಿಯನ್ನು ಬೆರಳ ತುದಿಯಿಂದಲೂ ಮುಟ್ಟದ ಹೆಂಗಸು, ಆಕಳಿಸುತ್ತಲೇ ಪ್ರತಿಯೊಂದು ಅಕ್ಷರ ಕೇಳಿಸಿಕೊಂಡಿದ್ದರು. ಹುಷಾರಾಗಿ ಮುಚ್ಚಿಟ್ಟದ್ದು ತಮ್ಮ ಕೈಯಿಂದಲೇ ಬಯಲಾಯಿತೆಂದು ಅಂಕಲ್‌ಗೂ ಆಗಲೇ ತಿಳಿದಿರಬೇಕು. ಆಮೇಲೆ ತಡವರಿಸುತ್ತ ಎಲ್ಲ ಹೇಳಿದರು. ನನಗೆ ಹೇಳಿದಷ್ಟು ಸಲೀಸಾಗಿ ಹೇಳಲಾಗಲಿಲ್ಲ.

ಆಂಟಿ ತಟ್ಟೆಯನ್ನು ವಾಷಿಂಗ್ ಮಶೀನಿನ ಮೇಲಿಟ್ಟು ಮೆಟ್ಟಿಲ ಮೇಲೆ ಕೂತರು. ಅಳುತ್ತಾರೆಂದು ನಾನು ನೆಲ ನೋಡಿದೆ. ಅವರು ಅಳಲಿಲ್ಲ.

"ತುಂಬ್ರಿ ಅದನ್ನ."

"ಸುಮ್ಮನೆ ಪೆಟ್ರೋಲ್ ಕೆಡುತ್ತೆ ಕಣೆ. ಆಮೇಲೆ ಕಾರ್ಬುರೇಟರೆಲ್ಲ..."

"ಕೆಟ್ಟರ ಕೆಡಲಿ. ಅದು ಕೆಡತದಂತ ನೀವು ಮೊದಲ ಹೋಗವ್ರೇನು? ತುಂಬ್ರಿ ಅಂದ್ರ ತುಂಬ್ರಿ."

ಅಂಕಲ್ ಶಾಸ್ತ್ರ ಬಿಟ್ಟು ನಡೆದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಡಬ್ಬ ಎತ್ತಿದರು, ನಾನು ಆಲಿಕೆ ಹಿಡಿದೆ. ಆಲಿಕೆ ವಾಲಿ, ಪೆಟ್ರೋಲು ರಂಗೋಲಿಯ ಮೇಲೆ ಚೆಲ್ಲಿತು. ಒಂದು ತೊಟ್ಟು ಬಿದ್ದರೂ ಒರೆಸುವ ಮನುಷ್ಯ ಒರೆಸಲಿಲ್ಲ. ಔಷಧಿ ಹಾಕಿದರು, ನಿಂಬೆಹಣ್ಣಿನ ಮೇಲೆ ಹತ್ತಿಸಿ ಬೀದಿಯಲ್ಲಿ ಒಂದು ಸುತ್ತು ಹೋಗಿ ಬಂದರು. ಅವರು ತಿರುವಿನಿಂದ ಮತ್ತೆ ಕಾಣಿಸುವವರೆಗೆ ಆಂಟಿ ಬಿಸಿಲಿನಲ್ಲಿ ಬರಿಗಾಲಿನಲ್ಲಿ ನಿಂತಿದ್ದರು. ಹೋಳಿಗೆ ಸೀದಿತ್ತು. ಮೂವರೂ ತಿಂದೆವು.

ಅದುವರೆಗೆ ಪಕ್ಕದ ದೇವಸ್ಥಾನ ಬಿಟ್ಟು ಬೇರೆಲ್ಲಿಗೂ ಡ್ರೈವ್ ಮಾಡದ ಆಂಟಿ, ಆ ಚಳಿಗಾಲವಿಡೀ ಅಂಕಲ್‌ರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚಿಕಿತ್ಸೆಗೆಂದು ನಾಲ್ಕು ಗಂಟೆ ದೂರದ ಹ್ಯೂಸ್ಟನ್ನಿಗೆ ಡ್ರೈವ್ ಮಾಡಿದರು. "ಇವಳು ಟ್ರಕ್ಕುಗಳನ್ನು ಬೈಯೋದು ನೀನು ಕೇಳಬೇಕು ಕಣಯ್ಯ," ಎಂದರು ಅಂಕಲ್, ಬಹಳ ಹೆಮ್ಮೆಯಿಂದ.

ಯುಗಾದಿಯ ಬೆಳಿಗ್ಗೆ ಗರಾಜಿನ ಬಾಗಿಲು ತೆರೆದಿತ್ತು. ಬ್ಯಾಟರಿಯನ್ನು ನಾನು ಜೋಡಿಸಿದೆ. ಅಂಕಲ್ ಕುರ್ಚಿಯಲ್ಲಿ ಕೂತು ಪ್ರತಿ ನಟ್ಟಿಗೂ ತಪ್ಪು ಹಿಡಿದರು. ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಲಿಲ್ಲ, ಅವರು ಅಷ್ಟು ಇಳಿದುಹೋಗಿದ್ದರು. ನಾನೂ ಆಂಟಿಯೂ ಹಿಡಿದು ಅವರನ್ನು ಸೀಟಿನ ಮೇಲೆ ಕೂರಿಸಿದೆವು. ಅವರೇ ಸ್ಟಾರ್ಟ್ ಮಾಡಿದರು. ಗಾಡಿ ಮೊದಲು ಕೆಮ್ಮಿತು, ಆಮೇಲೆ ಹಿಡಿದುಕೊಂಡಿತು.

ರಾಮನವಮಿಯ ಮಾರನೆಯ ದಿನ ಅಂಕಲ್ ತೀರಿಕೊಂಡರು.